ಲೈಟ್ ಫಿಶಿಂಗ್: ನಮ್ಮ ಕಣ್ಣಿಗಲ್ಲ, ಮೀನಿನ ಕಣ್ಣಿಗೆ

ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬರುವ ಬಂಗುಡೆ, ಬೂತಾಯಿಗಳ ಹಾಗೆ ‘ಲೈಟ್ ಫಿಶಿಂಗ್’ ಎಂಬ ಮಾತೂ ನಮಗೆ ಕರಾವಳಿಯಿಂದಲೇ ಬಂದದ್ದು. ‘ಬೆಳಕು ಮೀನುಗಾರಿಕೆ’ ಅಂತಲೂ ಬರೆಯುತ್ತಾರೆ. ನಮ್ಮ ಕಡೆ ಯಾರಿಗಾದರೂ ಹೇಳಿ ನೋಡಿ, “ಅದರಲ್ಲೇನು ಹೊಸದು? ಮಳೆಗಾಲದಲ್ಲಿ ನಾವೂ ಟಾರ್ಚ್ ಹಿಡಿದು ಗದ್ದೆಗೆ ಇಳಿಯುವುದಿಲ್ವಾ” ಅಂತಾರೆ.

ಎರಡೂ ಬೇರೆ. ಗದ್ದೆ ಬದುವಿನಲ್ಲಿ ಏಡಿ ಹುಡುಕುವಾಗ ಬೆಳಕು ಬೇಕಾದದ್ದು ನಮಗೆ. ಹಿಂದೆ ದೊಂದಿ, ಆಮೇಲೆ ಗ್ಯಾಸ್‌ಲೈಟ್, ಈಗ ತಲೆಗೆ ಕಟ್ಟುವ ಹೆಡ್‌ಲೈಟ್. ಅಲ್ಲಿ ನಡೆಯುವವರು ನಾವು. ಲೈಟ್ ಫಿಶಿಂಗ್‌ನಲ್ಲಿ ದೀಪ ಒಂದೇ ಕಡೆ ಉರಿಯುತ್ತದೆ, ಮೀನೇ ನಡೆದು ಬರುತ್ತದೆ.

ಇದನ್ನು ನೋಡಲು ಸಮುದ್ರಕ್ಕೆ ಹೋಗಬೇಕಿಲ್ಲ. ಕಾಫಿಗೆ ಹೂಮಳೆ ಕೈಕೊಟ್ಟ ವರ್ಷ ಫೆಬ್ರುವರಿ, ಮಾರ್ಚ್‌ನಲ್ಲಿ ರಾತ್ರಿಯಿಡೀ ಸ್ಪ್ರಿಂಕ್ಲರ್ ಓಡಿಸುತ್ತೇವಲ್ಲ, ಆಗ ಕೆರೆ ದಂಡೆಯ ಪಂಪ್‌ಹೌಸ್ ಹೊರಗೆ ಒಂದು ಬಲ್ಬ್ ನೀರಿನ ಮೇಲೆ ನೇತಾಡುತ್ತಿರುತ್ತದೆ. ಅರ್ಧ ಗಂಟೆಗೆ ಅದರ ಸುತ್ತ ಹುಳಗಳ ಜಾತ್ರೆ. ಒಂದೊಂದಾಗಿ ನೀರಿಗೆ ಬೀಳುತ್ತವೆ, ಕೆಳಗೆ ‘ಪುಳಕ್’ ಅನ್ನುತ್ತದೆ. ಒಮ್ಮೆ ನಾನು ಬಲ್ಬ್ ಆರಿಸಲು ಹೋದಾಗ ಪಂಪ್ ನೋಡಿಕೊಳ್ಳುವ ಹುಡುಗ ತಡೆದ: “ಆರಿಸ್ಬೇಡಿ ಅಣ್ಣ, ಈಗಷ್ಟೇ ಕೂಡ್ತಾ ಇದೆ.” ಅವನ ಗಾಳ ಆಗಲೇ ನೀರಿನಲ್ಲಿತ್ತು.

ನೀರಿನೊಳಗೂ ಇಂಥದೇ ಕೆಲಸ ನಡೆಯುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ತೇಲುಜೀವಿಗಳಲ್ಲಿ ಹಲವು ಬೆಳಕಿನತ್ತ ಸಾಗುತ್ತವೆ. ಈ ಗುಣಕ್ಕೆ ಫೋಟೋಟ್ಯಾಕ್ಸಿಸ್ ಎಂದು ಹೆಸರು. ಅವನ್ನು ತಿನ್ನಲು ಸಣ್ಣ ಮೀನು, ಸಣ್ಣದನ್ನು ತಿನ್ನಲು ದೊಡ್ಡದು. ಬೆಳಕಿಗೆ ನೇರವಾಗಿ ಒಲಿದು ಬರುವ ಮೀನುಗಳೂ ಇವೆ. ಬೊಂಡಾಸ್, ಅಂದರೆ ಸ್ಕ್ವಿಡ್‌ನದು ಮಾತ್ರ ಇನ್ನೊಂದು ಜಾಣತನ: ದೀಪ ನೋಡಿ ಬರುತ್ತದೆ, ಆದರೆ ದೋಣಿಯ ನೆರಳಲ್ಲಿ ನಿಂತು ಬೆಳಕಿನಲ್ಲಿರುವ ಬೇಟೆಯ ಮೇಲೆ ಎರಗುತ್ತದೆ. ಹಾವುಮೀನಿಗೆ ಬೆಳಕೇ ಆಗದು, ಕಂಡರೆ ದೂರ ಸರಿಯುತ್ತದೆ.

ಬಣ್ಣಕ್ಕೂ ಲೆಕ್ಕವಿದೆ. ಕೆಂಪು ಬೆಳಕನ್ನು ನೀರು ಕೆಲವೇ ಮೀಟರ್‌ಗಳಲ್ಲಿ ನುಂಗಿಬಿಡುತ್ತದೆ. ತಿಳಿಯಾದ ಸಮುದ್ರದಲ್ಲಿ ನೀಲಿ ಬಹಳ ಆಳಕ್ಕೆ ಇಳಿಯುತ್ತದೆ. ಪಾಚಿ ಬೆರೆತ ಕೆರೆ, ಹಿನ್ನೀರುಗಳಲ್ಲಿ ಹಸಿರೇ ಮುಂದೆ. ಹುಣ್ಣಿಮೆಯ ಆಸುಪಾಸು ದೀಪದ ಬೆಲೆ ಇಳಿಯುತ್ತದೆ, ಆಕಾಶದಲ್ಲೇ ದೊಡ್ಡ ಲೈಟ್ ಇರುವಾಗ ನಮ್ಮದಕ್ಕೆ ಯಾರು ಬರುತ್ತಾರೆ! ಅಮಾವಾಸ್ಯೆ ಕಡೆಯ ಕತ್ತಲೇ ಇದಕ್ಕೆ ಸರಿ. ನುರಿತವರು ಮೀನು ಕೂಡಿದ ಮೇಲೆ ದೀಪವನ್ನು ಒಮ್ಮೆಲೇ ಆರಿಸುವುದಿಲ್ಲ. ಮೆಲ್ಲಗೆ ಮಂಕು ಮಾಡುತ್ತಾ ಹೋದರೆ ಚದುರಿದ ಗುಂಪು ಉಳಿದ ಬೆಳಕಿನ ಹತ್ತಿರಕ್ಕೆ ಒತ್ತಿ ಬರುತ್ತದೆ, ಬಲೆಗೆ ಅದೇ ಹೊತ್ತು.

ಉಪಾಯ ಹಳೆಯದು. ಕೊಚ್ಚಿಯ ಚೀನಾ ಬಲೆಗಳ ಮೇಲೂ ರಾತ್ರಿ ದೀಪ ತೂಗುತ್ತದೆ. ಜಗಳ ಹುಟ್ಟಿದ್ದು ಜನರೇಟರ್ ಹೊತ್ತ ದೊಡ್ಡ ಬೋಟುಗಳು ಸಾಲು ಸಾಲು ಎಲ್‌ಇಡಿ ಹಚ್ಚಿದಾಗ. ಅಲ್ಲಿ ಬೆಳೆದ ಮೀನಿನ ಜೊತೆ ಮರಿಯೂ ಬಲೆಗೆ ಬೀಳುತ್ತದೆ, ನಾಡದೋಣಿಯವರಿಗೆ ಬರಿಗೈ. ಕೇಂದ್ರ ಸರಕಾರ 2017ರ ನವೆಂಬರ್‌ನಲ್ಲಿ ಭಾರತದ ವಿಶೇಷ ಆರ್ಥಿಕ ವಲಯದಲ್ಲಿ, ಅಂದರೆ 12 ನಾಟಿಕಲ್ ಮೈಲಿಯಿಂದ 200ರವರೆಗಿನ ಸಮುದ್ರದಲ್ಲಿ, ಎಲ್‌ಇಡಿ ಸೇರಿದಂತೆ ಕೃತಕ ಬೆಳಕಿನ ಮೀನುಗಾರಿಕೆಯನ್ನು ನಿಷೇಧಿಸಿತು. ದಡದ ಹತ್ತಿರದ ನೀರು ರಾಜ್ಯದ್ದು. ಕರ್ನಾಟಕವೂ ಅಲ್ಲಿ ಇದನ್ನು ನಿಷೇಧಿಸಿದೆ. ಹಾಗಾಗಿ ಸುದ್ದಿಯಲ್ಲಿ ಈಗ ‘ಲೈಟ್ ಫಿಶಿಂಗ್’ ಅಂತ ಕಂಡರೆ ಹೆಚ್ಚಾಗಿ ಅದು ಕಾನೂನಿನ ತಕರಾರು, ನಮ್ಮ ಪಂಪ್‌ಹೌಸ್ ಹುಡುಗನ ಗಾಳವಲ್ಲ.