ಚೀಲದ ಮೇಲಿನ ಪ್ರೋಟೀನೂ ಹಂದಿಯ ಕರುಳೂ

ಬೈಲಹೊಂಗಲ ಕಡೆ ಹಂದಿ ಸಾಕುವವರು ನನ್ನನ್ನು ಕೇಳುವುದು ಹೆಚ್ಚಾಗಿ ಇದೇ: “ಸರ, ಸೋಯಾ ಹಿಂಡಿ ಹಾಕಾಕತ್ತೀವಿ. ಪ್ರೋಟೀನ್ ಭಾಳ ಐತಿ ಅಂತಾರ. ಮತ್ತ ತೂಕ ಯಾಕ ಬರವಲ್ದು?”

ಚೀಲದ ಮೇಲೆ ಬರೆದ ಪ್ರೋಟೀನ್ ಎಲ್ಲವೂ ಮೈಗೆ ಹತ್ತುವುದಿಲ್ಲ. ಎಷ್ಟು ಹತ್ತಿತು ಅಂತ ತಿಳಿಯಲು ತಿಂದದ್ದರಲ್ಲಿ ಮಲಕ್ಕೆ ಹೋದದ್ದನ್ನು ಕಳೆದರೆ ಸಾಕು ಅನ್ನಿಸುತ್ತದೆ, ಅಲ್ವಾ? ಸಾಲದು. ಪ್ರೋಟೀನ್ ಒಡೆದಾಗ ಸಿಗುವ ಅಮೈನೋ ಆಮ್ಲಗಳನ್ನು ಹಂದಿ ಹೀರಿಕೊಳ್ಳುವುದು ಸಣ್ಣ ಕರುಳಿನಲ್ಲಿ. ಅಲ್ಲಿ ಉಳಿದದ್ದು ದೊಡ್ಡ ಕರುಳಿಗೆ ಇಳಿದರೆ ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಅದು ರಕ್ತಕ್ಕೆ ಸೇರಿ, ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಮಲದಲ್ಲಿ ಕಾಣಲಿಲ್ಲ ಅಂತ ನಾವು ಹಂದಿಯ ಖಾತೆಗೆ ಜಮಾ ಮಾಡಿಬಿಡುತ್ತೇವೆ.

ಹಾಗಾಗಿ ಸಣ್ಣ ಕರುಳಿನ ಕೊನೆಯಲ್ಲೇ ಅಳೆಯಬೇಕು; ಇದಕ್ಕೇ ಸಂಶೋಧಕರಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ಸುಮಾರು 25-30 ಕೆ.ಜಿ. ತೂಕದ, ಬೀಜ ಒಡೆದ ಗಂಡು ಹಂದಿಗೆ ಅರಿವಳಿಕೆ ಕೊಟ್ಟು, ಸಣ್ಣ ಕರುಳು ಮುಗಿಯುವ ಜಾಗದಲ್ಲಿ ಟಿ ಆಕಾರದ ಕೊಳವೆ ಕೂರಿಸಿ ಬಲಪಕ್ಕೆಯಿಂದ ಹೊರಗೆ ತರುತ್ತಾರೆ. ಹೊಲಿಗೆ ಹಾಕುವುದು ಕಷ್ಟವಲ್ಲ, ಆಮೇಲಿನ ಆರೈಕೆಯೇ ಕಷ್ಟ. ಕರುಳಿನ ರಸ ಸೋರಿದರೆ ಸುತ್ತಲಿನ ಚರ್ಮ ಸುಟ್ಟಂತಾಗುತ್ತದೆ. ದಿನಾ ತೊಳೆದು, ಒರೆಸಿ, ಜಿಂಕ್ ಆಕ್ಸೈಡ್ ಮುಲಾಮು ಹಚ್ಚಬೇಕು. ನೋವಿನ ಔಷಧಿ ತಪ್ಪಿಸುವಂತಿಲ್ಲ. ಹಂದಿ ಗೋಡೆಗೆ ಮೈ ಉಜ್ಜದೆ ಇರುವುದಿಲ್ಲ, ಆದ್ದರಿಂದ ಗೂಡಿನ ಒಳಮೈ ನುಣುಪಾಗಿರಬೇಕು. ಜೊತೆಗೆ ಇನ್ನೊಂದನ್ನು ಬಿಟ್ಟರೆ ಅದು ಕೊಳವೆಯನ್ನೇ ಕಚ್ಚುತ್ತದೆ.

ಚೇತರಿಸಿಕೊಂಡ ಮೇಲೆ ಒಂದೊಂದು ಮೇವಿಗೆ ಸಾಮಾನ್ಯವಾಗಿ ಏಳು ದಿನ. ಐದು ದಿನ ರೂಢಿಗೆ, ಎರಡು ದಿನ ಕೊಳವೆಗೆ ಚೀಲ ಕಟ್ಟಿ ರಸ ಹಿಡಿಯಲು. ಎಲ್ಲಾ ರಸ ಚೀಲಕ್ಕೆ ಬರುವುದಿಲ್ಲ. ಅದಕ್ಕಾಗಿ ಜೀರ್ಣವಾಗದ ಟೈಟಾನಿಯಂ ಡೈಆಕ್ಸೈಡನ್ನು ಮೇವಿನಲ್ಲಿ ಬೆರೆಸಿ, ಅದರ ಪ್ರಮಾಣದಿಂದ ಲೆಕ್ಕ ತೆಗೆಯುತ್ತಾರೆ. ಸಣ್ಣ ಕರುಳನ್ನು ನೇರವಾಗಿ ಗುದನಾಳಕ್ಕೆ ಜೋಡಿಸುವ ವಿಧಾನವೂ ಇದೆ. ನನಗೆ ಅದು ಹಿಡಿಸುವುದಿಲ್ಲ. ದೊಡ್ಡ ಕರುಳೇ ಕೆಲಸಕ್ಕಿಲ್ಲದೆ ಹಂದಿ ನೀರು, ಲವಣ ಕಳೆದುಕೊಳ್ಳುತ್ತದೆ.

ಹಾಲು ಬಿಡಿಸಿದ ಮರಿಗಳ ಭೇದಿಯನ್ನು ಪರೀಕ್ಷಿಸಲು ಮಾತ್ರ ಬೇರೆ ದಾರಿ. ಅರಿವಳಿಕೆಯಲ್ಲಿರುವ ಮರಿಯ ಸಣ್ಣ ಕರುಳನ್ನು ತುಂಡು ತುಂಡಾಗಿ ಕಟ್ಟಿ, ಒಂದೊಂದರಲ್ಲಿ ಒಂದೊಂದು ಮೇವಿನ ದ್ರವ ಹರಿಸಿ, ಕೆಲವದಕ್ಕೆ ಭೇದಿ ತರುವ ಇ. ಕೋಲಿ ಬ್ಯಾಕ್ಟೀರಿಯಾ ಬಿಟ್ಟು, ಎಷ್ಟು ದ್ರವ ಹೀರಿತು ಅಂತ ಅಳೆಯುತ್ತಾರೆ. ಒಂದೇ ಮರಿಯಲ್ಲಿ ಹಲವು ಮೇವುಗಳನ್ನು ಹೋಲಿಸಬಹುದು. ಆದರೆ ಆ ಮರಿಯನ್ನು ಮತ್ತೆ ಎಚ್ಚರಿಸುವುದಿಲ್ಲ. ನಮ್ಮ ದೇಶದಲ್ಲಿ ಇಂಥ ಪ್ರಯೋಗಕ್ಕೆ ಮೊದಲು ಸಂಸ್ಥೆಯ ಪ್ರಾಣಿ ನೀತಿ ಸಮಿತಿ ಒಪ್ಪಬೇಕು. ಒಪ್ಪಿಗೆ ಸುಮ್ನೆ ಸಿಗಬಾರದು ಕೂಡ.

ಇನ್ನು ಸೋಯಾ ಹಿಂಡಿಗೆ ಬರೋಣ. ತಯಾರಿಸುವಾಗ ಶಾಖ ಕಮ್ಮಿಯಾದರೆ, ಪ್ರೋಟೀನ್ ಜೀರ್ಣಿಸುವ ಕಿಣ್ವವಾದ ಟ್ರಿಪ್ಸಿನ್ ಅನ್ನು ತಡೆಯುವ ಅಂಶ ಅದರಲ್ಲಿ ಉಳಿದು ಜೀರ್ಣಕ್ಕೆ ಅಡ್ಡಿ. ಜಾಸ್ತಿಯಾದರೆ ಲೈಸಿನ್ ಎಂಬ ಅಮೈನೋ ಆಮ್ಲ ಸಕ್ಕರೆಯೊಂದಿಗೆ ಅಂಟಿಕೊಂಡು ಹಂದಿಗೆ ದಕ್ಕುವುದಿಲ್ಲ. ಎರಡರಲ್ಲೂ ಚೀಲದ ಮೇಲಿನ ಪ್ರೋಟೀನ್ ಅಂಕಿ ಹೆಚ್ಚುಕಡಿಮೆ ಅದೇ! ಕೊಳ್ಳುವಾಗ ಹಿಂಡಿ ಕಡುಕಂದು ಬಣ್ಣವಿದ್ದು ಸೀದ ವಾಸನೆ ಬಂದರೆ ಬೇಡ ಅನ್ನಿ. ಪ್ರೋಟೀನ್ ಜೊತೆಗೆ ಜೀರ್ಣವಾಗುವ ಲೈಸಿನ್ ಎಷ್ಟು ಅಂತಲೂ ಕೇಳಿ.