ಮೂವರು ಮಕ್ಕಳಿಗೆ ಮೂರು ಕಿಟ್ ಬೇಡ

ಏಪ್ರಿಲ್ ತಿಂಗಳು ಮುಗಿಯುತ್ತ ಬಂದಂತೆ, ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಬೇಕೆಂದು ನಿರ್ಧರಿಸಿದ ತಂದೆ ತಾಯಿಯರು ಸಲಹೆ ಕೇಳಿಕೊಂಡು ನನ್ನಲ್ಲಿಗೆ ಬರುತ್ತಾರೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಈ ಕುಟುಂಬಗಳಲ್ಲಿ ಹಲವರು ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತ ಊರಿನ ಜಮೀನಿಗೆ ಮರಳಿದವರು. ಮಕ್ಕಳ ವಿಷಯದಲ್ಲಿ ನಿಜವಾದ ಕಾಳಜಿಯುಳ್ಳವರು. ಆದರೆ ಅವರು ಕೇಳುವ ಮೊದಲ ಪ್ರಶ್ನೆ ಪ್ರತಿವರ್ಷವೂ ಒಂದೇ: "ದೊಡ್ಡವನಿಗೆ ನಾಲ್ಕನೇ ತರಗತಿಯದು, ಮಧ್ಯದವಳಿಗೆ ಒಂದನೆಯದು, ಚಿಕ್ಕವನಿಗೆ ಎಲ್‌ಕೆಜಿಯದು ಬೇಕು ಮೇಡಂ, ಯಾವ ಕಂಪನಿಯ ಕಿಟ್ ತರಿಸಲಿ?" ಒಂದೊಂದು ತರಗತಿಯ ಪುಸ್ತಕಗಳನ್ನೆಲ್ಲ ಪೆಟ್ಟಿಗೆಯಲ್ಲಿ ತುಂಬಿ ಕಂಪನಿಗಳು ಮಾರುವ ಈ ಕಿಟ್‌ಗಳಲ್ಲಿ ಮೂರನ್ನೂ ತರಿಸಬೇಡಿ ಎಂದು ನಾನು ಹೇಳುತ್ತೇನೆ. ಅವರು ತಲೆಯಾಡಿಸುತ್ತಾರೆ. ಜೂನ್ ಹೊತ್ತಿಗೆ ಮೂರು ಪೆಟ್ಟಿಗೆಗಳು ಮನೆಗೆ ಬಂದಿರುತ್ತವೆ, ಆಗಸ್ಟ್ ಹೊತ್ತಿಗೆ ತಾಯಿ ಹೈರಾಣಾಗಿರುತ್ತಾರೆ.

ಆ ಕಿಟ್‌ಗಳು ಕಳಪೆಯೆಂದು ನಾನು ಹೇಳುತ್ತಿಲ್ಲ. ಕೆಲವು ಬಹಳ ಶ್ರದ್ಧೆಯಿಂದ ಸಿದ್ಧಪಡಿಸಿದವು. ತೊಂದರೆ ಇರುವುದು ಅವುಗಳ ಹಿಂದಿನ ಒಂದು ಊಹೆಯಲ್ಲಿ: ಪ್ರತಿಯೊಂದು ಕಿಟ್ಟೂ ಒಂದು ಮಗುವಿನ ಪಕ್ಕದಲ್ಲಿ ಒಬ್ಬ ದೊಡ್ಡವರು ಬಿಡುವಾಗಿ ಕುಳಿತಿದ್ದಾರೆಂದು ಭಾವಿಸಿಕೊಂಡೇ ಬರೆದದ್ದು. "ಮಗುವಿನೊಂದಿಗೆ ಓದಿ", "ಮಗುವಿಗೆ ತೋರಿಸಿ", "ಉತ್ತರವನ್ನು ಚರ್ಚಿಸಿ" ಎಂಬ ಸೂಚನೆಗಳು ಪುಟಪುಟಕ್ಕೂ ಇರುತ್ತವೆ. ಮೂರು ಕಿಟ್ ತಂದರೆ ಮೂವರು ದೊಡ್ಡವರು ಬೇಕಾಗುತ್ತದೆ. ಮನೆಯಲ್ಲಿರುವುದು ಒಬ್ಬರು, ಅವರೂ ಒಲೆಯ ಮೇಲೆ ಸಾರು ಇಟ್ಟು ಬಂದವರು. ಆದ್ದರಿಂದ ಪಠ್ಯಕ್ರಮ ಆರಿಸುವಾಗ ಮಕ್ಕಳ ತರಗತಿಯನ್ನು ಎಣಿಸುವುದಕ್ಕಿಂತ ಮೊದಲು ದೊಡ್ಡವರ ಬಿಡುವನ್ನು ಎಣಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದರಲ್ಲಿ ಇಂತಹ ಒಂದು ಮನೆಗೆ ಹೋಗಿದ್ದೆ. ಒಂಬತ್ತು, ಆರು, ನಾಲ್ಕು ವರ್ಷದ ಮೂವರು ಮಕ್ಕಳು. ಗೋಡೆಯ ಮೇಲೆ ಮೂರು ವೇಳಾಪಟ್ಟಿಗಳು. ಹಿರಿಯನ ಪುಸ್ತಕದಲ್ಲಿ ಸಸ್ಯದ ಭಾಗಗಳು, ಮಧ್ಯದವಳಿಗೆ ನಮ್ಮ ಸುತ್ತಲಿನ ಪ್ರಾಣಿಗಳು, ಕಿರಿಯನಿಗೆ ಹಣ್ಣುಗಳ ಬಣ್ಣ. ತಾಯಿ ಬೆಳಿಗ್ಗೆಯಿಂದ ಮೂರು ಚಾಪೆಗಳ ನಡುವೆ ಓಡಾಡುತ್ತಿದ್ದರು. ಹಿರಿಯನು ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡು ಅಮ್ಮನಿಗಾಗಿ ಕಾಯುತ್ತಿದ್ದ, ಕಿರಿಯನು ಅಳುತ್ತಿದ್ದ. ಆ ಮನೆಯಿಂದ ಕೂಗಳತೆಯ ದೂರದಲ್ಲಿದ್ದ ಸರ್ಕಾರಿ ಶಾಲೆಯಲ್ಲಿ ಒಬ್ಬರೇ ಶಿಕ್ಷಕಿ ಮೂರು ತರಗತಿಯ ಮಕ್ಕಳಿಗೆ ಒಂದೇ ಕೋಣೆಯಲ್ಲಿ ಸಮಾಧಾನವಾಗಿ ಕಲಿಸುತ್ತಿದ್ದರು. ನಾನೂ ಆ ಕೆಲಸದಲ್ಲಿದ್ದವಳಾದ್ದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆ ಶಿಕ್ಷಕಿ ಅನುಸರಿಸುತ್ತಿದ್ದದ್ದು ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ. ಅದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಯಿತು. ಅದಕ್ಕೆ ಪ್ರೇರಣೆ ದೊರೆತದ್ದು ನಮ್ಮ ಗಡಿಯಾಚೆ, ಮದನಪಲ್ಲಿಯ ಬಳಿಯ ರಿಷಿ ವ್ಯಾಲಿ ಶಾಲೆಯವರು ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ರೂಪಿಸಿದ ಪದ್ಧತಿಯಿಂದ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಅದರಲ್ಲಿ ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ, ಅಂದರೆ ಕಲಿಯಬೇಕಾದದ್ದನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದ ಪಟ್ಟಿಯಲ್ಲಿ, ತಾನಿರುವ ಮೆಟ್ಟಿಲಿನ ಕಾರ್ಡ್ ತೆಗೆದುಕೊಂಡು, ಆ ಕಾರ್ಡ್ ಹೇಳುವ ತಟ್ಟೆಗೆ, ಅಂದರೆ ಗುಂಪಿಗೆ ಹೋಗುತ್ತದೆ. ಶಿಕ್ಷಕರು ಪೂರ್ತಿ ಜೊತೆಗಿರಬೇಕಾದ ತಟ್ಟೆ ಒಂದು, ಸ್ವಲ್ಪ ಮಟ್ಟಿಗೆ ನೋಡಿಕೊಂಡರೆ ಸಾಕಾಗುವುದು ಇನ್ನೊಂದು. ಉಳಿದವುಗಳಲ್ಲಿ ಮಕ್ಕಳು ಸಹಪಾಠಿಗಳ ನೆರವಿನಿಂದ ಅಥವಾ ತಾವೇ ಕಲಿಯುತ್ತಾರೆ. ಈ ವ್ಯವಸ್ಥೆಯ ಜೀವಾಳ ಇರುವುದು ಕಾರ್ಡುಗಳ ಅಂದಚೆಂದದಲ್ಲಲ್ಲ. ಶಿಕ್ಷಕರ ಸಮಯವೇ ಅತ್ಯಂತ ದುರ್ಲಭವಾದದ್ದೆಂದು ಅರಿತು, ಯಾವ ಕೆಲಸಕ್ಕೆ ಅವರು ಬೇಕೇ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಮೊದಲೇ ವಿಂಗಡಿಸಿಟ್ಟಿರುವುದರಲ್ಲಿ.

ಮನೆಯಲ್ಲೂ ಅದೇ ವಿಂಗಡಣೆ ಆಗಬೇಕು. ಓದು ಬರಹ ಮತ್ತು ಲೆಕ್ಕ, ಇವೆರಡೇ ಏಣಿಯ ವಿಷಯಗಳು. ಕೆಳಗಿನ ಮೆಟ್ಟಿಲು ಗಟ್ಟಿಯಾಗದೆ ಮೇಲಿನದಕ್ಕೆ ಹೋಗಲಾಗುವುದಿಲ್ಲವಾದ್ದರಿಂದ, ಇಲ್ಲಿ ಪ್ರತಿ ಮಗುವಿಗೂ ಅದರದೇ ಜಾಗ ಬೇಕು, ದಿನಕ್ಕೆ ಸ್ವಲ್ಪ ಹೊತ್ತಾದರೂ ದೊಡ್ಡವರು ಅದೊಂದರ ಜೊತೆಗೇ ಕೂರಬೇಕು. ಪರಿಸರ, ವಿಜ್ಞಾನ, ಊರಿನ ಚರಿತ್ರೆ, ಕಥೆ, ಹಾಡು, ಚಿತ್ರ, ಕೈಕೆಲಸ ಇವೆಲ್ಲ ಮೂವರಿಗೂ ಒಟ್ಟಿಗೆ ಹೇಳಬಹುದಾದ ಸಾಮಾನ್ಯ ವಿಷಯಗಳು. ಇವುಗಳಲ್ಲಿ ನಾಲ್ಕನೇ ತರಗತಿಯ ಪಾಠ, ಒಂದನೇ ತರಗತಿಯ ಪಾಠ ಎಂಬ ಗೋಡೆ ಎಬ್ಬಿಸುವ ಅಗತ್ಯವೇ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿದೆ. ಹೀಗಿರುವಾಗ ನಾಲ್ಕರ ಮಗುವಿಗೂ ಆರರ ಮಗುವಿಗೂ ಬೇರೆ ಬೇರೆ ವಿಜ್ಞಾನ ಪುಸ್ತಕ ಕೊಳ್ಳುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಎದುರಿಗಿರುವವರು ಕೇಳುತ್ತಾರೆ: "ಒಟ್ಟಿಗೆ ಕಲಿಸಿದರೆ ಚಿಕ್ಕವನಿಗೆ ಅರ್ಥವಾಗುವುದಿಲ್ಲ, ದೊಡ್ಡವನು ಹಿಂದೆ ಬೀಳುತ್ತಾನೆ, ಅಲ್ಲವೇ?" ಎಲ್ಲರೂ ತಪ್ಪು ತಿಳಿಯುವುದು ಇಲ್ಲಿಯೇ. ವಸ್ತು ಒಂದೇ ಆಗಬೇಕೆಂದರೆ ಮಕ್ಕಳಿಂದ ಮಾಡಿಸುವ ಕೆಲಸವೂ ಒಂದೇ ಆಗಬೇಕೆಂದು ಅರ್ಥವಲ್ಲ. ಆ ಶಿಡ್ಲಘಟ್ಟದ ಮನೆಯ ಹಿಂದೆಯೇ ಹಿಪ್ಪುನೇರಳೆ ತೋಟವಿತ್ತು, ಪಕ್ಕದ ಮನೆಯವರು ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ನಾಲ್ಕು ಬಾರಿ ಜ್ವರಕ್ಕೆ ಕೂತು, ಅಂದರೆ ಮೇವು ಬಿಟ್ಟು ಅಲುಗಾಡದೆ ಕೂತು, ಚರ್ಮ ಕಳಚಿ, ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ಏರುವವರೆಗೆ ಸುಮಾರು ಒಂದು ತಿಂಗಳು. ಅಷ್ಟೂ ದಿನದ ಪಾಠ ಅಲ್ಲಿಯೇ ಇದೆ. ಕಿರಿಯನು ಸೊಪ್ಪು ಹಾಕಿ, ಕಂಡದ್ದನ್ನು ಬಾಯಲ್ಲಿ ಹೇಳಲಿ. ಆರು ವರ್ಷದವಳು ಚಿತ್ರ ಬರೆದು, ಕೆಳಗೆ ತನಗೆ ಬರುವ ಅಕ್ಷರಗಳಲ್ಲಿ ಒಂದೆರಡು ಪದ ಬರೆಯಲಿ. ಹಿರಿಯನು ದಿನ ಬಿಟ್ಟು ದಿನ ಹುಳುವಿನ ಉದ್ದ ಅಳೆದು ಪಟ್ಟಿ ಮಾಡಲಿ, ಜ್ವರದ ದಿನ ಹುಳು ಸೊಪ್ಪು ಮುಟ್ಟುವುದಿಲ್ಲವೇಕೆಂದು ಪಕ್ಕದ ಮನೆಯವರನ್ನು ಕೇಳಿ ಬರೆಯಲಿ. ತಾಯಿ ಮಾತನಾಡುವುದು ಒಂದೇ ಸಲ, ಕೆಲಸ ಮೂರು ಬಗೆಯದು. ಆ ಮನೆಯಲ್ಲಿ ಮಕ್ಕಳು ತೆಲುಗಿನಲ್ಲಿ ಮಾತನಾಡುತ್ತಿದ್ದರು. ನಮ್ಮ ಕಡೆ ಅದು ಸಹಜ. ಕಿರಿಯನು ಹುಳುವಿನ ಸುದ್ದಿಯನ್ನು ತೆಲುಗಿನಲ್ಲೇ ಹೇಳಲಿ, ಕನ್ನಡದ ಪದಗಳನ್ನು ತಾಯಿ ಜೊತೆಜೊತೆಗೆ ಸೇರಿಸುತ್ತ ಹೋಗಲಿ.

ಇನ್ನು ಏಣಿಯ ವಿಷಯಗಳಿಗೆ ಪುಸ್ತಕ ಆರಿಸುವಾಗ ಮುಖಪುಟದ ಮೇಲಿನ ತರಗತಿಯ ಅಂಕಿಯನ್ನು ದಯವಿಟ್ಟು ಮರೆಯಿರಿ. ಹಳ್ಳಿಗಳ ಮಕ್ಕಳ ಓದು, ಲೆಕ್ಕದ ಮಟ್ಟವನ್ನು ಅಳೆಯುವ ಅಸರ್ (ASER) ಸಮೀಕ್ಷೆಯವರ ಓದುವ ಪರೀಕ್ಷೆಯ ಹಾಳೆ ಉಚಿತವಾಗಿ ಸಿಗುತ್ತದೆ. ಅಕ್ಷರ, ಪದ, ಚಿಕ್ಕ ಪರಿಚ್ಛೇದ, ಕಥೆ ಎಂಬ ನಾಲ್ಕು ಹಂತಗಳಲ್ಲಿ ಮಗು ಎಲ್ಲಿ ತಡವರಿಸುತ್ತದೆಂದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ನಾಲ್ಕನೇ ತರಗತಿಯ ವಯಸ್ಸಿನ ಮಗು ಪರಿಚ್ಛೇದದಲ್ಲಿಯೇ ನಿಂತರೆ ಗಾಬರಿಯಾಗಬೇಕಿಲ್ಲ, ಅಲ್ಲಿಂದಲೇ ಮುಂದುವರಿಯಬೇಕು. ಆದರೆ ತಿಂಗಳುಗಟ್ಟಲೆ ನಿಯಮಿತವಾಗಿ ಕೂರಿಸಿಕೊಂಡು ಕಲಿಸಿದರೂ ಅಕ್ಷರಗಳು ನಿಲ್ಲದಿದ್ದರೆ, ಪಠ್ಯಕ್ರಮ ಬದಲಾಯಿಸುತ್ತ ಕಾಲ ಕಳೆಯದೆ, ಕಣ್ಣು ಕಿವಿಗಳ ತಪಾಸಣೆ ಮಾಡಿಸಿ ಕಲಿಕಾ ತೊಂದರೆಗಳ ತಜ್ಞರನ್ನು ಕಾಣುವುದು ಒಳ್ಳೆಯದು.

ಅಕ್ಷರ ಕಲಿಸುವ ಪುಸ್ತಕ ಕೊಳ್ಳುವವರು ಅಕ್ಷರಗಳ ಕ್ರಮವನ್ನೂ ಗಮನಿಸಲಿ. ಅ ಆ ಇ ಈ ಎಂದು ಹೊರಟರೆ ಮಗು ಒಂದು ಪದವನ್ನು ತಾನಾಗಿ ಓದಲು ಬಹಳ ಕಾಯಬೇಕು. ನಲಿ-ಕಲಿಯು ರ ಗ ಸ ದ ಅ ಎಂಬ ಐದರಿಂದ ಆರಂಭಿಸುತ್ತದೆ. ಸರ, ಅರಸ, ಗರಗಸ ಎಂಬ ಪದಗಳನ್ನು ಮಗು ಆ ಐದರಲ್ಲೇ ಓದಿಬಿಡುತ್ತದೆ. ಆಗ ಅದರ ಮುಖ ಅರಳುವುದನ್ನು ನೋಡಿದವರು ಹಳೆಯ ಕ್ರಮಕ್ಕೆ ಹಿಂತಿರುಗುವುದು ಕಷ್ಟ.

ಕಾನೂನಿನ ಬಗ್ಗೆಯೂ ಎಚ್ಚರಿಕೆಯ ಎರಡು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. ಮನೆಶಿಕ್ಷಣದ ಕುರಿತು ಅದು ಪ್ರತ್ಯೇಕವಾಗಿ ಏನನ್ನೂ ಹೇಳಿಲ್ಲ. ನಾನು ವಕೀಲಳಲ್ಲವಾದ್ದರಿಂದ, ನಿರ್ಧರಿಸುವ ಮುನ್ನ ತಿಳಿದವರಲ್ಲಿ ವಿಚಾರಿಸಿ. ಅದೇ ಕಾಯ್ದೆಯ 4ನೇ ಸೆಕ್ಷನ್ ಶಾಲೆಗೆ ಸೇರದೆ ಉಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದೂ ಹೇಳುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿಗೆ ಸಮಾನವಾದ ಪರೀಕ್ಷೆ ಬರೆಯಲು ಹದಿನಾಲ್ಕು ವರ್ಷ ತುಂಬಬೇಕು. ನಾಲ್ಕು ವರ್ಷದ ಮಗುವಿನ ಕಿಟ್ಟನ್ನು ಆ ಪರೀಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸುವ ತಂದೆಯರಿಗೆ ಇದನ್ನು ಹೇಳುತ್ತಿದ್ದೇನೆ.

ಹಣ ಕಟ್ಟುವ ಮೊದಲು ಮಾದರಿ ಪುಟಗಳನ್ನು ತರಿಸಿಕೊಂಡು, ಒಂದು ವಾರದ ಪಾಠದಲ್ಲಿ ಮಗು ತಾನೇ ಮಾಡಬಹುದಾದ ಪುಟಗಳೆಷ್ಟು, ನೀವು ಪಕ್ಕದಲ್ಲಿ ಕೂರಲೇಬೇಕಾದ ಪುಟಗಳೆಷ್ಟು ಎಂದು ಗುರುತು ಹಾಕಿ ನೋಡಿ. ಎರಡನೆಯ ಬಗೆಯವೇ ಹೆಚ್ಚಿದ್ದರೆ, ಅದು ಒಂದೇ ಮಗುವಿರುವ ಮನೆಗೆ ಒಪ್ಪಬಹುದು, ನಿಮ್ಮ ಮನೆಗಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಮೊದಲು ಅವನ್ನು ನೋಡಿ. ಈಗಾಗಲೇ ಮೂರು ಕಿಟ್ ಕೊಂಡಿದ್ದೀರಾದರೆ, ಎಸೆಯಬೇಡಿ. ಲೆಕ್ಕದ ಅಭ್ಯಾಸ ಪುಸ್ತಕಗಳನ್ನು ಮಕ್ಕಳು ತಾವೇ ಮಾಡುವ ಕೆಲಸಕ್ಕೆ ಇಟ್ಟುಕೊಳ್ಳಿ, ಕಥೆಪುಸ್ತಕಗಳನ್ನು ಒಂದೇ ಬುಟ್ಟಿಗೆ ಹಾಕಿ ಯಾರು ಬೇಕಾದರೂ ತೆಗೆಯುವಂತೆ ಮಾಡಿ, ಉಳಿದ ಪರಿಸರ ವಿಜ್ಞಾನದ ಪುಸ್ತಕಗಳಲ್ಲಿ ಹಿರಿಯನದೊಂದನ್ನು ಮಾತ್ರ ಕೈಗೆತ್ತಿಕೊಂಡು ಅದರಿಂದಲೇ ಮೂವರಿಗೂ ಪಾಠ ಆರಂಭಿಸಿ.