ಪಿಂಗಾಣಿಯ ಮೇಲಿನ ಕಾಡಿಗೆ

ಯಾರಾದರೂ ತಿಂಗಳುಗಟ್ಟಲೆ ಹೊಟ್ಟೆನೋವಿನಿಂದ ಸೊರಗಿದರೆ ‘ಯಾರೋ ಮದ್ದು ಹಾಕಿದ್ದಾರೆ’ ಎಂಬ ಮಾತು ನಮ್ಮ ಊರುಗಳಲ್ಲಿ ಇವತ್ತಿಗೂ ಹುಟ್ಟುತ್ತದೆ. ಮದ್ದು ತೆಗೆಯುವವರು ಏನೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸುತ್ತಾರೆ, ಬಿದ್ದ ಲೋಳೆಯೊಳಗೆ ಒಂದು ಉಂಡೆ ತೋರಿಸುತ್ತಾರೆ, ದುಡ್ಡು ಎಣಿಸಿಕೊಳ್ಳುತ್ತಾರೆ. ಅದೇ ರಸವನ್ನು ಮದ್ದು ತಿನ್ನದ ನಾಲ್ಕು ಜನರಿಗೆ ಕುಡಿಸಿದರೆ ಉಂಡೆ ಬರುತ್ತದೋ ಇಲ್ಲವೋ ಎಂದು ಮಾತ್ರ ಯಾರೂ ಕೇಳುವುದಿಲ್ಲ. ವಿಷ ಪತ್ತೆಯ ವಿಜ್ಞಾನವೆಲ್ಲ ನಿಂತಿರುವುದು ಈ ಪ್ರಶ್ನೆಯ ಮೇಲೆಯೇ. ಅದು ತುಂಬಿದ ಕೋರ್ಟಿನೊಳಗೆ ಮೈದಳೆದದ್ದು 1840ರಲ್ಲಿ, ಫ್ರಾನ್ಸಿನ ತ್ಯೂಲ್ ಎಂಬ ಊರಿನಲ್ಲಿ.

ಆರೋಪಿ ಮಾರೀ ಲಫಾರ್ಜ್, 24 ವರ್ಷದ ಪ್ಯಾರಿಸ್ ಹೆಣ್ಣು. ಮದುವೆ ದಲ್ಲಾಳಿಯ ಮಾತು ನಂಬಿ 1839ರ ಆಗಸ್ಟ್‌ನಲ್ಲಿ ಶಾರ್ಲ್ ಲಫಾರ್ಜ್ ಎಂಬ ಕಬ್ಬಿಣದ ಕುಲುಮೆಯ ಒಡೆಯನನ್ನು ಕಟ್ಟಿಕೊಂಡಳು. ಬಂದು ನೋಡಿದರೆ ಮನೆ ಹಳೆಯ ಮಠದ ಪಾಳು ಕಟ್ಟಡ, ತುಂಬ ಇಲಿ, ಗಂಡನ ತಲೆ ಮೇಲೆ ಸಾಲ. ಡಿಸೆಂಬರ್‌ನಲ್ಲಿ ಅವನು ಪ್ಯಾರಿಸ್‌ಗೆ ಹೋಗಿದ್ದಾಗ ಇವಳು ಕೇಕು ಕಳಿಸಿದಳು. ಸಾಕ್ಷಿಗಳ ಪ್ರಕಾರ ಕಟ್ಟಿದ್ದು ಸಣ್ಣ ಕೇಕುಗಳು, ತಲುಪಿದ್ದು ಒಂದು ದೊಡ್ಡ ಕೇಕು. ತಿಂದವನಿಗೆ ವಾಂತಿ, ಭೇದಿ. ಜನವರಿ ಮೊದಲ ವಾರ ಮನೆಗೆ ಮರಳಿದವನು ಹಾಸಿಗೆ ಹಿಡಿದ, ತಿಂಗಳ ಮಧ್ಯದೊಳಗೆ ಸತ್ತ. ಇಲಿಗೆಂದು ಅವಳು ಔಷಧ ಅಂಗಡಿಯಿಂದ ಪಾಷಾಣ ತರಿಸಿದ್ದಳು. ಗಂಡನಿಗೆ ಕೊಡುವ ಮೊಟ್ಟೆಹಾಲಿಗೆ ಬಿಳಿ ಪುಡಿ ಕಲಸುವುದನ್ನು ಮನೆಯಲ್ಲಿದ್ದ ಹೆಂಗಸೊಬ್ಬಳು ಕಂಡಿದ್ದಳು. ಇದೆಲ್ಲದರ ನಡುವೆ ಒಂದು ಸ್ವಾರಸ್ಯವಿದೆ: ಇಲಿಗಳಿಗೆ ಇಟ್ಟಿದ್ದ ಉಂಡೆಯನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಹಿಟ್ಟು ಮತ್ತು ಸೋಡಾ. ಇಲಿಗೆ ಸೋಡಾ ಹೋಗಿದ್ದರೆ ಪಾಷಾಣ ಎಲ್ಲಿಗೆ ಹೋಯಿತು?

ಬಿಳಿ ಪಾಷಾಣ ಎಂದರೆ ಆರ್ಸೆನಿಕ್ ಟ್ರೈಆಕ್ಸೈಡ್. (ಇವತ್ತು ಅಂಗಡಿಯಲ್ಲಿ ‘ಇಲಿ ಪಾಷಾಣ’ ಎಂದು ಮಾರುವ ಕಪ್ಪು ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಜಿಂಕ್ ಫಾಸ್ಫೈಡ್; ಹೆಸರಷ್ಟೇ ಉಳಿದಿದೆ.) ವಾಸನೆಯಿಲ್ಲ, ರುಚಿಯಿಲ್ಲ, ಸಕ್ಕರೆ ಪುಡಿಯಂತೆ ಕಾಣುತ್ತದೆ. 100ರಿಂದ 200 ಮಿಲಿಗ್ರಾಂ ಒಳಹೋದರೆ ದೊಡ್ಡವರೂ ಸಾಯಬಹುದು. ಸಾಯುವ ರೀತಿ ಕಾಲರಾವನ್ನೇ ಹೋಲುವುದರಿಂದ, ಕಾಲರಾ ಕಾಡುತ್ತಿದ್ದ ಕಾಲದ ವೈದ್ಯರಿಗೆ ಸಂಶಯ ಬರುತ್ತಿದ್ದದ್ದೇ ಅಪರೂಪ.

ಅಲ್ಲಿಯವರೆಗಿನ ಪರೀಕ್ಷೆ ಎಂದರೆ ಸಂಶಯದ ದ್ರಾವಣಕ್ಕೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹಾಯಿಸುವುದು. ಹಳದಿ ಗಸಿ ಇಳಿದರೆ ಆರ್ಸೆನಿಕ್. ಆ ಗಸಿ ಬೇರೇನಲ್ಲ, ಹಳೆಯ ಚಿತ್ರಗಾರರು ಹಳದಿ ಬಣ್ಣಕ್ಕೆ ಅರೆಯುತ್ತಿದ್ದ ಹರಿತಾಳವೇ. ಆದರೆ ಹೊಟ್ಟೆಯೊಳಗಿನ ಕಲಸುಮೇಲೋಗರದಲ್ಲಿ ಹಳದಿಯಾಗಿ ಕಾಣುವುದಕ್ಕೆ ನೂರು ಕಾರಣ. ಗಸಿ ನಿಲ್ಲುವುದೂ ಇಲ್ಲ. 1832ರಲ್ಲಿ ಇಂಗ್ಲೆಂಡಿನಲ್ಲಿ ಕಾಫಿಗೆ ವಿಷ ಬೆರೆಸಿ ಅಜ್ಜನನ್ನು ಕೊಂದ ಆರೋಪ ಮೊಮ್ಮಗನ ಮೇಲೆ ಬಂದಾಗ, ವೂಲ್‌ವಿಚ್‌ನ ಸರ್ಕಾರಿ ಶಸ್ತ್ರಾಗಾರದ ರಸಾಯನಜ್ಞ ಜೇಮ್ಸ್ ಮಾರ್ಷ್ ಹಳದಿ ಗಸಿ ಬರಿಸಿದ್ದ. ಜೂರಿಗಳ ಮುಂದೆ ಬರುವ ಹೊತ್ತಿಗೆ ಅದು ಕೆಟ್ಟುಹೋಗಿತ್ತು. ಜೂರಿ ಮೊಮ್ಮಗನನ್ನು ಬಿಟ್ಟಿತು, ಅವನು ಆಮೇಲೆ ಕೊಂದದ್ದು ನಾನೇ ಎಂದು ಒಪ್ಪಿಕೊಂಡ. ಆ ಅವಮಾನದಿಂದ ಹುಟ್ಟಿದ್ದೇ 1836ರ ಮಾರ್ಷ್ ಪರೀಕ್ಷೆ.

ಇದರ ಸೊಗಸೇ ಬೇರೆ. ಸಾರಿನಲ್ಲಿ ಕರಗಿದ ಒಂದು ಹರಳು ಉಪ್ಪನ್ನು ಸಾರಿನೊಳಗೇ ಹುಡುಕುವುದು ಹುಚ್ಚು. ಆ ಉಪ್ಪೊಂದೇ ಆವಿಯಾಗಿ ಎದ್ದು ಬರುವಂತಿದ್ದರೆ? ಬೇಳೆ, ಹುಣಸೆ, ಕೊತ್ತಂಬರಿ ಎಲ್ಲ ಪಾತ್ರೆಯಲ್ಲೇ ಉಳಿಯುತ್ತವೆ, ನಮಗೆ ಬೇಕಾದದ್ದು ಮಾತ್ರ ಹೊರಗೆ. ಜಾತ್ರೆಯಲ್ಲಿ ಕಳ್ಳನನ್ನು ಹುಡುಕುವ ಬದಲು ಅವನೊಬ್ಬನೇ ನುಸುಳಬಲ್ಲ ಕಿಂಡಿ ಮಾಡಿ ಆಚೆ ಕಾದು ಕೂತ ಹಾಗೆ. ಸತು ಮತ್ತು ನೀರು ಬೆರೆಸಿದ ಗಂಧಕಾಮ್ಲ ಸೇರಿದರೆ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಅಲ್ಲಿ ಆರ್ಸೆನಿಕ್ ಇದ್ದರೆ ಅದು ಹೈಡ್ರೋಜನ್ ಜೊತೆ ಕೂಡಿ ಆರ್ಸೀನ್ ಅನಿಲವಾಗುತ್ತದೆ. 1775ರಲ್ಲಿ ಸ್ವೀಡನ್ನಿನ ರಸಾಯನಜ್ಞ ಶೀಲೆ ಕಂಡುಹಿಡಿದ ಈ ಅನಿಲ ಮಹಾ ವಿಷ. 1815ರಲ್ಲಿ ಗೇಲನ್ ಎಂಬ ಜರ್ಮನ್ ರಸಾಯನಜ್ಞ ಇದನ್ನು ಉಸಿರಾಡಿಯೇ ಸತ್ತ.

ಅನಿಲವನ್ನು ಸಪೂರ ಮೂತಿಯಿಂದ ಹಾಯಿಸಿ ಹೊತ್ತಿಸಬೇಕು, ಉರಿಗೆ ತಣ್ಣನೆಯ ಪಿಂಗಾಣಿ ತಟ್ಟೆ ಹಿಡಿಯಬೇಕು. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿಯುವುದನ್ನು ಬಲ್ಲವರಿಗೆ ಇನ್ನು ಹೇಳಬೇಕಾದದ್ದಿಲ್ಲ. ವ್ಯತ್ಯಾಸ ಇಷ್ಟೆ: ಎಣ್ಣೆಯಲ್ಲಿ ಇಂಗಾಲವಿದೆ, ಮಸಿ ಬರುತ್ತದೆ, ಹೈಡ್ರೋಜನ್ ಉರಿದರೆ ನೀರಾವಿ ಬಿಟ್ಟು ಏನೂ ಬರಬಾರದು. ಬಂದರೆ, ಅದೂ ಕನ್ನಡಿಯಂತೆ ಹೊಳೆಯುವ ಕಂದುಗಪ್ಪು ಕಲೆ ಬಂದರೆ, ಅದು ಆರ್ಸೆನಿಕ್ ಲೋಹವೇ. ಮಿಲಿಗ್ರಾಮಿನ ಐವತ್ತನೇ ಒಂದು ಭಾಗ ಇದ್ದರೂ ಸಾಕು.

ಇಷ್ಟು ಸೂಕ್ಷ್ಮವಾದದ್ದು ಕೆಡುವ ದಾರಿಗಳೂ ಬಹಳ. ಶೀಶೆಯೊಳಗಿನ ಗಾಳಿ ಪೂರ್ತಿ ಹೊರಹೋಗುವ ಮೊದಲೇ ಕಡ್ಡಿ ಗೀರಿದರೆ ಸಿಡಿಯುತ್ತದೆ. ಮಾಂಸದ ಅಂಶ ಉಳಿದಿದ್ದರೆ ನೊರೆ ಉಕ್ಕಿ ಮೂತಿ ಕಟ್ಟುತ್ತದೆ. ಅದಕ್ಕೇ ಅಂಗಾಂಗವನ್ನು ಮೊದಲು ನೈಟ್ರಿಕ್ ಆಮ್ಲದಲ್ಲಿ ಸುಟ್ಟು ಕರಕಲು ಮಾಡಬೇಕು. ಉರಿ ಹೆಚ್ಚಾದರೆ ಆರ್ಸೆನಿಕ್ಕೇ ಹಾರಿಹೋಗುತ್ತದೆ. ನೈಟ್ರಿಕ್ ಆಮ್ಲ ಪೂರ್ತಿ ಹೋಗದೆ ಉಳಿದರೆ ಆರ್ಸೀನ್ ಹುಟ್ಟುವುದಕ್ಕೇ ಅಡ್ಡಿ. ತಟ್ಟೆಯನ್ನು ಉರಿಯಲ್ಲಿ ಹೆಚ್ಚು ಹೊತ್ತು ಹಿಡಿದರೆ ಮೂಡಿದ ಕಲೆಯೂ ಆವಿಯಾಗುತ್ತದೆ. ಆಂಟಿಮನಿ ಎಂಬ ಇನ್ನೊಂದು ಧಾತುವೂ ಇಂಥದೇ ಕಲೆ ಬಿಡುತ್ತದೆ, ಮತ್ತು ಅಂದಿನ ವೈದ್ಯರು ವಾಂತಿ ಮಾಡಿಸಲು ಕೊಡುತ್ತಿದ್ದದ್ದು ಆಂಟಿಮನಿಯ ಲವಣವನ್ನೇ! ಸೋಡಿಯಂ ಹೈಪೋಕ್ಲೋರೈಟ್ ತೊಟ್ಟಿಕ್ಕಿದರೆ ಆರ್ಸೆನಿಕ್ ಕಲೆ ಕರಗುತ್ತದೆ, ಆಂಟಿಮನಿಯದು ಕರಗುವುದಿಲ್ಲ.

ಎಲ್ಲಕ್ಕಿಂತ ಮೋಸದ ವಿಷಯ ಬೇರೆ. ಸತುವಿನ ಅದಿರಿನಲ್ಲೂ ಗಂಧಕಾಮ್ಲ ತೆಗೆಯುವ ಪೈರೈಟ್ ಎಂಬ ಖನಿಜದಲ್ಲೂ ಆರ್ಸೆನಿಕ್ ಇರುತ್ತದೆ. ಕಳ್ಳನನ್ನು ಹಿಡಿಯಲು ಬಂದ ಪೊಲೀಸನ ಜೇಬಿನಲ್ಲೇ ಕದ್ದ ಮಾಲು! ಹಾಗಾಗಿ ಶವದ ಅಂಶ ಹಾಕುವ ಮೊದಲು ಬರಿ ಸತು, ಬರಿ ಆಮ್ಲವನ್ನೇ ಇಪ್ಪತ್ತು ಮೂವತ್ತು ನಿಮಿಷ ಓಡಿಸಿ, ಕಲೆ ಬಾರದ್ದನ್ನು ಕಣ್ಣಾರೆ ನೋಡಬೇಕು. ಎಣ್ಣೆ ಅಂಗಡಿಯವನು ಮೊದಲು ನಮ್ಮ ಖಾಲಿ ಡಬ್ಬಿ ತೂಗುತ್ತಾನಲ್ಲ, ಅದೇ ಲೆಕ್ಕ. ಇನ್ನೊಂದು ತಮಾಷೆ: ತೀರ ಶುದ್ಧ ಸತು ತಂದರೆ ಗುಳ್ಳೆಯೇ ಸರಿಯಾಗಿ ಏಳುವುದಿಲ್ಲ, ಚೂರು ತಾಮ್ರದ ಲವಣ ಹಾಕಿ ಎಬ್ಬಿಸಬೇಕು.

ತ್ಯೂಲ್‌ನಲ್ಲಿ ಈ ಎಡವಟ್ಟುಗಳ ಮೆರವಣಿಗೆಯೇ ನಡೆಯಿತು. ಮೊದಲು ಬ್ರೀವ್‌ನ ವೈದ್ಯರು ಹಳೆಯ ವಿಧಾನದಲ್ಲಿ ಹಳದಿ ಗಸಿ ಕಂಡೆವು ಎಂದರು. ಕೊನೆಯ ಹಂತದಲ್ಲಿ ಗಾಜಿನ ನಳಿಕೆ ಒಡೆದುಹೋಗಿತ್ತು. ಆರೋಪಿಯ ವಕೀಲ ಪಾಯೆ ಪ್ಯಾರಿಸ್‌ನ ವಿಷಶಾಸ್ತ್ರಜ್ಞ ಮಾಥ್ಯೂ ಓರ್ಫಿಲಾನ ಅಭಿಪ್ರಾಯ ತರಿಸಿ, ಮಾರ್ಷ್ ಪರೀಕ್ಷೆ ಆಗಲೇಬೇಕೆಂದು ಪಟ್ಟು ಹಿಡಿದ. ಲಿಮೋಜ್‌ನ ರಸಾಯನಜ್ಞರು ಮಾಡಿದರು: ಜಠರದಲ್ಲಿ ಆರ್ಸೆನಿಕ್ ಇಲ್ಲ. ಹೂತ ಶವವನ್ನು ಮೇಲೆತ್ತಿ, ಕೋರ್ಟಿನ ಹೊರಗೆ ದುರ್ನಾತದ ನಡುವೆ ಮತ್ತೆ ಪರೀಕ್ಷಿಸಿದರು: ಇಲ್ಲ. ಆದರೆ ಉಳಿದಿದ್ದ ಮೊಟ್ಟೆಹಾಲಿನಲ್ಲಿ ಮಾತ್ರ ಹತ್ತು ಜನರನ್ನು ಕೊಲ್ಲುವಷ್ಟು ಇತ್ತು. ಹಾಲಿನಲ್ಲಿದೆ, ಹೊಟ್ಟೆಯಲ್ಲಿಲ್ಲ! ಕೊನೆಗೆ ಸರ್ಕಾರಿ ವಕೀಲರೇ ಓರ್ಫಿಲಾನನ್ನು ಕರೆಸಿದರು.

ಓರ್ಫಿಲಾ ಸೆಪ್ಟೆಂಬರ್ 13ರಂದು ಬಂದ. ರಾತ್ರಿಯಿಡೀ ಕೆಲಸ ಮಾಡಿದ, ಸ್ಥಳೀಯ ರಸಾಯನಜ್ಞರನ್ನು ಎದುರಿಗೆ ಕೂರಿಸಿಕೊಂಡು, ಅವರೇ ಬಳಸಿದ್ದ ಸತು ಆಮ್ಲಗಳನ್ನೇ ಬಳಸಿ. ಮರುದಿನ ಹೇಳಿದ: ದೇಹದಲ್ಲಿ ಆರ್ಸೆನಿಕ್ ಇದೆ, ಅದು ರಾಸಾಯನಿಕಗಳಿಂದಲೂ ಗೋರಿಯ ಮಣ್ಣಿನಿಂದಲೂ ಬಂದದ್ದಲ್ಲ, ಮನುಷ್ಯ ದೇಹದಲ್ಲಿ ಸಹಜವಾಗಿ ಇರುವಂಥದ್ದೂ ಅಲ್ಲ. ಸಿಕ್ಕಿದ್ದು ಅರ್ಧ ಮಿಲಿಗ್ರಾಂ. ಆರೋಪಿಯ ಪರ ಎದುರು ವಾದಿಸಬೇಕಿದ್ದ ರಸಾಯನಜ್ಞ ರಾಸ್ಪಾಯ್ ಪ್ಯಾರಿಸ್‌ನಿಂದ ಓಡಿಬಂದನಾದರೂ ತಲುಪುವ ಹೊತ್ತಿಗೆ ತೀರ್ಪು ಬಂದಾಗಿತ್ತು. ಜೀವಾವಧಿ ಕಠಿಣ ದುಡಿಮೆಯ ಶಿಕ್ಷೆ. ದೊರೆ ದುಡಿಮೆಯನ್ನು ಮನ್ನಾ ಮಾಡಿದ. ಕ್ಷಯ ಹಿಡಿದ ಮಾರೀಯನ್ನು 1852ರಲ್ಲಿ ಬಿಡುಗಡೆ ಮಾಡಿದರು. ಅದೇ ವರ್ಷ ಸತ್ತಳು.

ಮೊಟ್ಟೆಹಾಲು, ಸೋಡಾ ಉಂಡೆ, ಔಷಧ ಅಂಗಡಿಯ ಖರೀದಿ, ಇವನ್ನು ಸೇರಿಸಿ ನೋಡಿದರೆ ಅವಳೇ ಕೊಂದಳೆಂದು ನನಗೂ ಅನಿಸುತ್ತದೆ. ಆ ಅರ್ಧ ಮಿಲಿಗ್ರಾಂ ಒಂದೇ ಇದ್ದಿದ್ದರೆ ಹಾಗೆನ್ನುವ ಧೈರ್ಯ ಬರುತ್ತಿರಲಿಲ್ಲ. ಮನುಷ್ಯರ ಮೂಳೆಯಲ್ಲಿ ‘ಸಹಜ ಆರ್ಸೆನಿಕ್’ ಇದೆ ಎಂದು ತಾನೇ ಮೊದಲು ಹೂಡಿದ್ದ ವಾದವನ್ನು ಓರ್ಫಿಲಾ ಮುಂದೆ ಕೈಬಿಡಬೇಕಾಯಿತು.

ನಮ್ಮಲ್ಲಿಯೂ ಕೋರ್ಟುಗಳು ಬರಿ ಪ್ರಯೋಗಾಲಯದ ಕಾಗದಕ್ಕೆ ತಲೆಬಾಗುವುದಿಲ್ಲ. 1984ರಲ್ಲಿ ಸುಪ್ರೀಂ ಕೋರ್ಟ್ ಒಂದು ಸಯನೈಡ್ ಪ್ರಕರಣದಲ್ಲಿ ಆರೋಪಿಯನ್ನು ಬಿಡುತ್ತಾ, ವಿಷದ ಕೊಲೆಯಲ್ಲಿ ನಾಲ್ಕನ್ನು ಸಾಬೀತು ಮಾಡಬೇಕೆಂದಿತು: ಸ್ಪಷ್ಟ ಉದ್ದೇಶ, ಸತ್ತದ್ದು ವಿಷದಿಂದಲೇ ಎಂಬುದು, ಆರೋಪಿಯ ಬಳಿ ವಿಷ ಇತ್ತೆಂಬುದು, ಉಣಿಸುವ ಅವಕಾಶ ಸಿಕ್ಕಿತ್ತೆಂಬುದು. ಮರಣೋತ್ತರ ಪರೀಕ್ಷೆಯಲ್ಲಿ ಜಠರ, 30 ಸೆಂಟಿಮೀಟರ್ ಸಣ್ಣಕರುಳು, 500 ಗ್ರಾಂ ಯಕೃತ್ತು, ಎರಡೂ ಮೂತ್ರಪಿಂಡಗಳಿಂದ ಅರ್ಧರ್ಧ ತೆಗೆದು ಗಾಢ ಉಪ್ಪುನೀರಿನಲ್ಲಿಡುತ್ತಾರೆ. ಜೊತೆಗೆ ಬರಿ ಉಪ್ಪುನೀರಿನ ಶೀಶೆಯೊಂದೂ ಸೀಲಾಗಿ ಹೋಗುತ್ತದೆ. ಹೂತ ಶವ ತೆಗೆದರೆ ಅದರ ಮೇಲಿನ, ಕೆಳಗಿನ, ಪಕ್ಕದ ಮಣ್ಣು, ಸ್ವಲ್ಪ ದೂರದ ಮಣ್ಣು ಎಲ್ಲವನ್ನೂ ಕಟ್ಟಿ ಕಳಿಸಬೇಕು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಂಥ ಕಡೆ ಬೋರ್‌ವೆಲ್ ನೀರಿನಲ್ಲೇ ಆರ್ಸೆನಿಕ್ ಸಿಕ್ಕಿದೆ. ಅಂಥ ನೆಲದಲ್ಲಿ ಹೂತ ಶವದಲ್ಲಿ ಕಂಡದ್ದನ್ನೆಲ್ಲ ಸೊಸೆಯ ತಲೆಗೆ ಕಟ್ಟುವ ಹಾಗಿಲ್ಲ.

ಇಂಥ ಬೋರ್‌ವೆಲ್ ನೀರಿನ ಪರೀಕ್ಷೆಗೆ ಬಳಸುವ ಕಿಟ್ಟುಗಳಲ್ಲಿಯೂ ಮಾರ್ಷ್‌ನ ಕಿಂಡಿಯೇ ಇದೆ. ಸಣ್ಣ ಶೀಶೆಯಲ್ಲಿ ನೀರು, ಸತುವಿನ ಪುಡಿ, ಆಮ್ಲ. ಬಾಯಿಗೆ ಉರಿಯ ಬದಲು ಮರ್ಕ್ಯುರಿಕ್ ಬ್ರೋಮೈಡ್ ಸವರಿದ ಕಾಗದ. ಆರ್ಸೀನ್ ತಾಗಿದರೆ ಬಿಳಿ ಕಾಗದ ಹಳದಿಗೆ, ಹಳದಿಯಿಂದ ಕಂದಿಗೆ ತಿರುಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಕಿಟ್ಟು ಬಳಸುವವರು ಮೊದಲ ಶೀಶೆಗೆ ಬೋರ್‌ವೆಲ್ ನೀರು ಹಾಕುವುದಿಲ್ಲ, ಬಟ್ಟಿ ಇಳಿಸಿದ ನೀರು ಹಾಕುತ್ತಾರೆ.